ಫೋನ್ ಅವರ ಕೈಯಲ್ಲೇ ಇರಲಿ: ಡಿಜಿಟಲ್ ಕಲಿಕೆ ಶುರು ಮಾಡುವ ಬಗೆ

"ಇದನ್ನ ಸ್ವಲ್ಪ ನೋಡಿ ಕೊಡ್ತೀರಾ?" ಅಂತ ಒಬ್ಬರು ಫೋನ್ ಚಾಚುತ್ತಾರೆ. ನಾವು ಇಸಿದುಕೊಂಡು ಟಕಟಕ ನಾಲ್ಕು ಕಡೆ ಒತ್ತಿ ವಾಪಸ್ ಕೊಡುತ್ತೇವೆ. ಅವರ ಕೆಲಸ ಆಯಿತು, ನಮಗೂ ಸಹಾಯ ಮಾಡಿದ ಸಮಾಧಾನ. ಮುಂದಿನ ತಿಂಗಳು ಅದೇ ಕೆಲಸಕ್ಕೆ ಅವರು ಮತ್ತೆ ಬರುತ್ತಾರೆ. ಹೀಗೆ ಎಷ್ಟು ವರ್ಷ ಬಂದರೂ ಕಲಿಯುವುದಿಲ್ಲ. ಆ ನಾಲ್ಕು ಒತ್ತುಗಳಲ್ಲಿ ಒಂದನ್ನೂ ಅವರ ಬೆರಳು ಒತ್ತಿಲ್ಲವಲ್ಲ.

ಕಲಿಸಲು ಶುರು ಮಾಡಿದ ಹೊಸತರಲ್ಲಿ ನಾನೂ ಇದನ್ನೇ ಮಾಡುತ್ತಿದ್ದೆ. ಈಗ ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ಕಲಿಯುವವರ ಫೋನ್ ಕಲಿಯುವವರ ಕೈಯಲ್ಲೇ ಇರಬೇಕು. ನಾನು ಬಾಯಲ್ಲಿ ಹೇಳಬಹುದು, ದೂರದಿಂದ ತೋರಿಸಬಹುದು, ಮುಟ್ಟುವ ಹಾಗಿಲ್ಲ. ಕೆಳಗೆ ಬರೆದಿರುವ ಹೆಜ್ಜೆಗಳೆಲ್ಲ ಈ ನಿಯಮದ ಸುತ್ತಲೇ ಇವೆ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2025ರ ವರದಿಯ ಪ್ರಕಾರ ಜಗತ್ತಿನಲ್ಲಿ ಇನ್ನೂ ಸುಮಾರು 220 ಕೋಟಿ ಜನ ಇಂಟರ್ನೆಟ್ ಬಳಸುತ್ತಿಲ್ಲ. ನಗರಗಳಲ್ಲಿ 100ಕ್ಕೆ 85 ಜನ ಬಳಸಿದರೆ ಹಳ್ಳಿಗಳಲ್ಲಿ ಬಳಸುವವರು 58 ಜನ. ಗಮನಿಸಬೇಕಾದ ಮಾತು ಅಂದರೆ, ಹೊರಗೆ ಉಳಿದವರಲ್ಲಿ ಬಹುತೇಕರು ಇರುವ ಕಡೆ ಸಿಗ್ನಲ್ ಬರುತ್ತದೆ. ಟವರ್ ಇದೆ, ಆದರೂ ಅವರು ಒಳಗಿಲ್ಲ. ಸಾಧನಕ್ಕೆ ದುಡ್ಡಿಲ್ಲ, ಓದಲು ಬರುವುದಿಲ್ಲ, ಭಾಷೆ ತಮ್ಮದಲ್ಲ, ಮೋಸ ಹೋಗುವ ಭಯ, ಕೇಳಲು ಹತ್ತಿರದಲ್ಲಿ ಯಾರೂ ಇಲ್ಲ. ಕಾರಣಗಳು ಹೀಗೆ ಹಲವು. ಕೊನೆಯದನ್ನು ನಾನು ನೀವು ಇವತ್ತೇ ಸರಿಮಾಡಬಹುದು.

ಬರೀ ಸಾಧನ ಹಂಚಿದರೆ ಸಾಲದು ಅನ್ನುವುದಕ್ಕೆ ದೊಡ್ಡ ಉದಾಹರಣೆಯೇ ಇದೆ. 2005ರಲ್ಲಿ ಅಮೆರಿಕದ ಕಂಪ್ಯೂಟರ್ ತಜ್ಞ ನಿಕೋಲಸ್ ನೆಗ್ರೊಪಾಂಟೆ ಮಗುವಿಗೊಂದು ಲ್ಯಾಪ್‌ಟಾಪ್ ಅನ್ನುವ ಯೋಜನೆಯನ್ನು ಜಗತ್ತಿನ ಮುಂದಿಟ್ಟರು. ಪೆರು ದೇಶ 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಕೊಂಡಿತು. ಅಲ್ಲಿನ ಹಳ್ಳಿಗಾಡಿನ 319 ಶಾಲೆಗಳಲ್ಲಿ ನಡೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಗಣಿತದಲ್ಲಾಗಲೀ ಭಾಷೆಯಲ್ಲಾಗಲೀ ಮಕ್ಕಳ ಅಂಕ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಯಂತ್ರ ಬಂತು, ಅದರ ಪಕ್ಕದಲ್ಲಿ ಕೂತು ಹೇಳಿಕೊಡುವವರು ಸಾಕಷ್ಟು ಇರಲಿಲ್ಲ.

1. ಮೊದಲು ಕೇಳಿ, ಬರೆದುಕೊಳ್ಳಿ

ಪಾಠದ ಪಟ್ಟಿಯನ್ನು ಮನೆಯಲ್ಲಿ ಕೂತು ಮಾಡಬೇಡಿ. ಒಂದೆರಡು ವಾರ ಜನರ ಜೊತೆ ಸುಮ್ನೆ ಮಾತಾಡಿ. "ನಿಮಗೆ ಏನು ಕಲಿಯಬೇಕು?" ಅಂತ ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ. ಏನೇನಿದೆ ಅಂತಲೇ ಗೊತ್ತಿಲ್ಲದವರು ಏನು ಬೇಕು ಅಂತ ಹೇಗೆ ಹೇಳುತ್ತಾರೆ? "ಎಲ್ಲಾ ಹೇಳಿಕೊಡಿ" ಅನ್ನುತ್ತಾರೆ. ಇಲ್ಲವೇ "ನಮ್ಮ ತಲೆಗೆಲ್ಲಿ ಹತ್ತುತ್ತೆ ಬಿಡಿ" ಅನ್ನುತ್ತಾರೆ.

ಅದರ ಬದಲು ಹೀಗೆ ಕೇಳಿ: "ಫೋನಿನ ಯಾವ ಕೆಲಸಕ್ಕೆ ಬೇರೆಯವರ ಹತ್ತಿರ ಹೋಗ್ತೀರಿ? ಕಳೆದ ಸಲ ಯಾವುದಕ್ಕೆ ಹೋಗಿದ್ರಿ?" ಈಗ ಉತ್ತರ ತಾನಾಗೇ ಬರುತ್ತದೆ. ಖಾತೆಗೆ ದುಡ್ಡು ಬಂತಾ ನೋಡಲು. ಮಗಳಿಗೆ ಫೋಟೋ ಕಳಿಸಲು. ಬಂದ ಮೆಸೇಜ್ ಓದಿಸಿಕೊಳ್ಳಲು. ಡಾಕ್ಟರ ಹತ್ತಿರ ಹೋಗಲು ಹೆಸರು ಬರೆಸಲು. ಇದೇ ನಿಮ್ಮ ಪಾಠದ ಪಟ್ಟಿ.

ಒಂದು ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ ಇಡಿ. ಯಾವ ಕೆಲಸ, ಅದಕ್ಕೆ ಯಾರ ಹತ್ತಿರ ಹೋಗುತ್ತಾರೆ, ಫೋನ್ ಸ್ವಂತದ್ದೋ ಮನೆಯವರೆಲ್ಲರದ್ದೋ, ಓದಲು ಎಷ್ಟು ಬರುತ್ತದೆ, ಯಾವ ಹೊತ್ತಿನಲ್ಲಿ ಬಿಡುವಿರುತ್ತದೆ. ಇಷ್ಟು ಸಾಕು. ಗುರುತಿನ ಸಂಖ್ಯೆ, ಬ್ಯಾಂಕ್ ವಿವರ ಇವನ್ನೆಲ್ಲ ಕೇಳಲೇಬೇಡಿ. ಯಾರಿಗೂ ಕೊಡಬಾರದು ಅಂತ ಮುಂದೆ ಕಲಿಸುವವರು ನಾವೇ ಅಲ್ವಾ?

ಯುರೋಪಿಯನ್ ಕಮಿಷನ್ 2013ರಲ್ಲಿ ಡಿಜ್‌ಕಾಂಪ್ ಅನ್ನುವ ಡಿಜಿಟಲ್ ಕೌಶಲಗಳ ಚೌಕಟ್ಟು ಪ್ರಕಟಿಸಿತು. ಅದರಲ್ಲಿ ಐದು ಭಾಗಗಳಿವೆ: ಮಾಹಿತಿ ಹುಡುಕುವುದು, ಸಂಪರ್ಕ, ಹೊಸದಾಗಿ ಏನಾದರೂ ತಯಾರಿಸುವುದು, ಸುರಕ್ಷತೆ, ತೊಂದರೆ ಬಂದಾಗ ಬಗೆಹರಿಸಿಕೊಳ್ಳುವುದು. ಕೆಲವು ತಿಂಗಳ ಮೇಲೆ ನಿಮ್ಮ ಪಾಠಗಳನ್ನು ಇದರ ಪಕ್ಕ ಇಟ್ಟು ನೋಡಿ, ಏನು ಬಿಟ್ಟುಹೋಗಿದೆ ಅಂತ ಗೊತ್ತಾಗುತ್ತದೆ. ಪಾಠದ ಕ್ರಮಕ್ಕೆ ಮಾತ್ರ ಇದನ್ನು ಹಿಡಿಯಬೇಡಿ. ಮಗಳಿಗೆ ಫೋಟೋ ಕಳಿಸಬೇಕು ಅಂತ ಬಂದವರಿಗೆ ಫೋಟೋ ಕಳಿಸುವುದರಿಂದಲೇ ಶುರುವಾಗಬೇಕು.

2. ಜಾಗ ಮತ್ತು ಹೊತ್ತು

1985ರಲ್ಲಿ ಸ್ವೀಡನ್ನಿನ ವೆಮ್‌ಡಾಲೆನ್ ಅನ್ನುವ ಸಣ್ಣ ಊರಲ್ಲಿ ಟೆಲಿಕಾಟೇಜ್ ಅಂತ ಒಂದು ಜಾಗ ತೆರೆದರು. ಊರವರೆಲ್ಲ ಬಂದು ಕಂಪ್ಯೂಟರ್ ಬಳಸಬಹುದಾದ ಮನೆ ಅದು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಇಂಥ ಕೇಂದ್ರಗಳು ಬಂದವು. ನಿಮಗೆ ಅಷ್ಟು ದೊಡ್ಡದು ಬೇಡ. ಗ್ರಂಥಾಲಯದ ಒಂದು ಮೂಲೆ, ಶಾಲೆ ಬಿಟ್ಟ ಮೇಲಿನ ಒಂದು ಕೋಣೆ, ಯಾರದೋ ಜಗುಲಿ ಸಾಕು. ಚಾರ್ಜ್ ಹಾಕಲು ಪ್ಲಗ್, ಕೂರಲು ನೆರಳು, ಹೆಂಗಸರೂ ವಯಸ್ಸಾದವರೂ ಸಂಕೋಚ ಇಲ್ಲದೆ ಬರಬಹುದಾದ ದಾರಿ. ಈ ಮೂರು ಮುಖ್ಯ.

ಜಾಗ ತೆರೆದಿಟ್ಟರೆ ಎಲ್ಲರೂ ಬರುತ್ತಾರೆ ಅಂದುಕೊಳ್ಳಬೇಡಿ. 1999ರಲ್ಲಿ ಸಂಶೋಧಕ ಸುಗತ ಮಿತ್ರ ಅವರು ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಗೆ ಕಿಂಡಿ ಕೊರೆಸಿ ಒಂದು ಕಂಪ್ಯೂಟರ್ ಕೂರಿಸಿದರು. ಪಕ್ಕದ ಬಡಾವಣೆಯ ಮಕ್ಕಳು ಯಾರೂ ಕಲಿಸದೆ ತಾವೇ ಅದನ್ನು ಬಳಸಲು ಕಲಿತರು. ಆ ಮಕ್ಕಳ ಕುತೂಹಲ ನೋಡಿ ಜಗತ್ತೇ ಬೆರಗಾಯಿತು. ಇಂಥ ಪ್ರಯೋಗಗಳ ಬಗ್ಗೆ ಆಮೇಲೆ ಬಂದ ಟೀಕೆಯನ್ನೂ ನೆನಪಿಡಬೇಕು. ದೊಡ್ಡ ಹುಡುಗರು ಮುಂದೆ ನಿಂತರೆ ಚಿಕ್ಕವರಿಗೂ ಹುಡುಗಿಯರಿಗೂ ಸರದಿ ಸಿಗುವುದಿಲ್ಲ. ಹಾಗಾಗಿ ಹೊತ್ತನ್ನು ಹಂಚಿ. ಹೆಂಗಸರಿಗೇ ಒಂದು ಗಂಟೆ, ವಯಸ್ಸಾದವರಿಗೇ ಒಂದು ಗಂಟೆ. ಆ ಗಂಟೆಯಲ್ಲಿ ಬೇರೆ ಯಾರಿಗೂ ಜಾಗ ಬಿಟ್ಟುಕೊಡಬೇಡಿ, ಒಬ್ಬರೇ ಬಂದಿದ್ದರೂ ಸರಿ.

3. ಹಳೇ ಸಾಧನ ತೆಗೆದುಕೊಳ್ಳುವಾಗ

"ನಮ್ಮ ಮನೇಲಿ ಹಳೇ ಫೋನ್ ಇದೆ, ತಗೊಂಡು ಹೋಗಿ" ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಸಂತೋಷ. ಆದರೆ ಅವರ ಎದುರಿಗೇ ಒಂದು ಕೆಲಸ ಮುಗಿಸಿ. ಫೋನಿನಲ್ಲಿರುವ ಅವರ ಗೂಗಲ್ ಖಾತೆಯನ್ನು ಮೊದಲು ತೆಗೆಸಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿಸಿ, ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಹೊಸದರ ಹಾಗೆ ಮಾಡಿಸಿ. ಖಾತೆ ತೆಗೆಯದೆ ರೀಸೆಟ್ ಮಾಡಿದರೆ, ಫೋನ್ ಮತ್ತೆ ಆನ್ ಆದಾಗ ಹಳೇ ಖಾತೆಯ ಪಾಸ್‌ವರ್ಡ್ ಕೇಳಬಹುದು. ಕದ್ದ ಫೋನ್ ಬಳಸಲಾಗದಿರಲಿ ಅಂತ ಇಟ್ಟಿರುವ ಬೀಗ ಅದು. ಕೊಟ್ಟವರು ಊರಲ್ಲಿಲ್ಲ, ಅವರಿಗೂ ಪಾಸ್‌ವರ್ಡ್ ನೆನಪಿಲ್ಲ ಅಂದರೆ ಆ ಫೋನ್ ಬಳಸಲು ಬಾರದ ವಸ್ತುವಾಗುತ್ತದೆ. ಐಫೋನಿನಲ್ಲೂ ಇದೇ ಕಥೆ, ಅಲ್ಲಿ ಆಪಲ್ ಖಾತೆಯಿಂದ ಹೊರಗೆ ಬರಬೇಕು. ಸಿಮ್ ಮತ್ತು ಮೆಮೊರಿ ಕಾರ್ಡನ್ನೂ ವಾಪಸ್ ಕೊಡಿ.

ಬ್ಯಾಟರಿ ನೋಡಿ. ಫೋನನ್ನು ಸಮತಟ್ಟಾದ ಮೇಜಿನ ಮೇಲಿಟ್ಟಾಗ ಅಲ್ಲಾಡಿದರೆ, ಹಿಂದಿನ ಮುಚ್ಚಳ ಉಬ್ಬಿದ್ದರೆ, ಬ್ಯಾಟರಿ ಊದಿದೆ ಅಂತ ಅರ್ಥ. ಅದನ್ನು ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹತ್ತುವ ಅಪಾಯ ಇದೆ. ತುಂಬಾ ಹಳೇ ಆಂಡ್ರಾಯ್ಡ್ ಆದರೆ ಬ್ಯಾಂಕಿನ ಆ್ಯಪ್‌ಗಳು ಅದರಲ್ಲಿ ಕೂರುವುದೇ ಇಲ್ಲ, ಸುರಕ್ಷತೆಯ ಅಪ್‌ಡೇಟ್ ಕೂಡ ಬರುವುದಿಲ್ಲ. ಅಂಥ ಫೋನನ್ನು ದುಡ್ಡಿನ ಕೆಲಸಕ್ಕೆ ಕೊಡಬೇಡಿ. ವಿಡಿಯೋ ನೋಡಲು, ಓದಲು, ಟೈಪ್ ಮಾಡಿ ಕಲಿಯಲು ಇಟ್ಟುಕೊಳ್ಳಿ.

ಕಂಪ್ಯೂಟರ್ ವಿಷಯದಲ್ಲಿ ಈಗ ಒಳ್ಳೇ ಅವಕಾಶ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅದರಿಂದ ಗಟ್ಟಿಮುಟ್ಟಾಗಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಮೂಲೆ ಸೇರುತ್ತಿವೆ. ಅವುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ. ಅದು ಉಚಿತ, 4 ಜಿಬಿ ರ್‍ಯಾಮ್ ಇದ್ದರೆ ಚೆನ್ನಾಗಿ ನಡೆಯುತ್ತದೆ. ಹಳೇ ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗವಾದ ಎಸ್‌ಎಸ್‌ಡಿ ಹಾಕಿದರೆ ಅದೇ ಯಂತ್ರ ಹೊಸದರ ಹಾಗೆ ಏಳುತ್ತದೆ. ಕಲಿಕೆಯ ಕೇಂದ್ರಕ್ಕೆ ಮಾಡುವ ಖರ್ಚಿನಲ್ಲಿ ಇದಕ್ಕಿಂತ ಫಲ ಕೊಡುವುದನ್ನು ನಾನು ಕಂಡಿಲ್ಲ.

4. ನೆಟ್ ಇಲ್ಲದಾಗ, ನೆಟ್ ದುಬಾರಿಯಾದಾಗ

ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ 2018ರಲ್ಲಿ ಒಂದು ಗುರಿ ಇಟ್ಟಿತು. ಇಂಟರ್ನೆಟ್ಟಿನ ತಿಂಗಳ ಖರ್ಚು ತಲಾ ಆದಾಯದ 100ರಲ್ಲಿ 2 ಪಾಲು ಮೀರಬಾರದು ಅಂತ. ಇದು ಇಡೀ ದೇಶದ ಸರಾಸರಿ ಲೆಕ್ಕ. ಬಡ ಮನೆಯ ಆದಾಯದಲ್ಲಿ ಅದೇ ಖರ್ಚು ಎಷ್ಟೋ ಪಟ್ಟು ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಡೇಟಾ ಉಳಿಸುವುದು ಕೂಡ ಪಾಠದ ಒಂದು ಭಾಗ. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಫೋಟೋ, ವಿಡಿಯೋ ತಾನಾಗೇ ಇಳಿಯುವುದನ್ನು ನಿಲ್ಲಿಸಲು ಹೇಳಿಕೊಡಿ. ಡೇಟಾನೂ ಉಳಿಯುತ್ತದೆ, "ಜಾಗ ತುಂಬಿದೆ" ಅನ್ನುವ ಕಾಟವೂ ಕಡಿಮೆಯಾಗುತ್ತದೆ. ಯೂಟ್ಯೂಬ್ ವಿಡಿಯೋದ ಗುಣಮಟ್ಟ ಇಳಿಸುವುದು, ಆಂಡ್ರಾಯ್ಡ್‌ನ ಡೇಟಾ ಸೇವರ್ ಹಾಕುವುದು. ಇವು ಐದು ನಿಮಿಷದ ಪಾಠಗಳು.

ನೆಟ್ಟೇ ಬಾರದ ಕಡೆ ನೆಟ್ಟಿನ ಒಂದಷ್ಟು ಭಾಗವನ್ನು ಹೊತ್ತುಕೊಂಡು ಹೋಗಬಹುದು. ಕಿವಿಕ್ಸ್ ಅನ್ನುವ ಉಚಿತ ತಂತ್ರಾಂಶ 2007ರಿಂದ ಇದೇ ಕೆಲಸ ಮಾಡುತ್ತಿದೆ. ವಿಕಿಪೀಡಿಯವನ್ನು ಒಮ್ಮೆ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ ಬೇಕಿಲ್ಲ, ಫೋನಿನಲ್ಲೇ ತೆರೆದು ಓದಬಹುದು. ಚಿತ್ರಗಳ ಸಮೇತ ಇಂಗ್ಲಿಷ್ ವಿಕಿಪೀಡಿಯ ಪೂರ್ತಿ ಇಳಿಸಲು ಸುಮಾರು 100 ಜಿಬಿ ಬೇಕು. ಕನ್ನಡದಂಥ ಭಾಷೆಗಳದ್ದು ಅದರ ಮುಂದೆ ತೀರಾ ಚಿಕ್ಕದು, ಸಾಧಾರಣ ಮೆಮೊರಿ ಕಾರ್ಡಿನಲ್ಲೇ ಕೂರುತ್ತದೆ. ಶಾಲೆಯ ಪಾಠಗಳಿಗೆ ಕೊಲಿಬ್ರಿ ಇದೆ, ಅದೂ ಉಚಿತ. ರಾಸ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರಿಗೆ ಇವನ್ನು ಹಾಕಿ, ಹಾಟ್‌ಸ್ಪಾಟ್ ಆಗಿ ಹೊಂದಿಸಿ ಆನ್ ಮಾಡಿದರೆ ಅದೇ ವೈಫೈ ಹರಡುತ್ತದೆ. ಸುತ್ತ ಕೂತ ಮಕ್ಕಳು ತಮ್ಮ ತಮ್ಮ ಫೋನಿನಲ್ಲಿ ಪಾಠ ತೆರೆಯುತ್ತಾರೆ, ಒಂದು ಎಂಬಿ ಡೇಟಾ ಕೂಡ ಖರ್ಚಾಗುವುದಿಲ್ಲ.

ಊರವರೇ ಸೇರಿ ಜಾಲ ಕಟ್ಟಿಕೊಂಡ ಕಡೆಗಳೂ ಇವೆ. ಸ್ಪೇನಿನ ಕ್ಯಾಟಲೋನಿಯದಲ್ಲಿ ಗೀಫಿ ಅನ್ನುವ ಜಾಲ 2004ರಲ್ಲಿ ಶುರುವಾಯಿತು. ಮನೆಯಿಂದ ಮನೆಗೆ ವೈಫೈ ಕೊಂಡಿ ಹಾಕುತ್ತಾ ಅದು ಹತ್ತಾರು ಸಾವಿರ ಕೊಂಡಿಗಳಿಗೆ ಬೆಳೆಯಿತು. ಇದಕ್ಕೆ ತಂತ್ರಜ್ಞಾನ ಬಲ್ಲ ನಾಲ್ಕು ಜನ ಬೇಕು, ಆಯಾ ದೇಶದ ಅನುಮತಿಯೂ ಬೇಕು. ಮೊದಲ ವರ್ಷವೇ ಇದಕ್ಕೆ ಕೈಹಾಕಬೇಡಿ.

5. ಮೊದಲ ದಿನ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಮೊದಲ ದಿನ ಹೆದರಿ ಹೋದವರು ಎರಡನೇ ದಿನ ಬರುವುದಿಲ್ಲ.

ನಾನು ಕಲಿಸುತ್ತಿದ್ದಾಗ ಒಬ್ಬ ಅಜ್ಜಿ ಬರುತ್ತಿದ್ದರು. ಪರದೆ ಮುಟ್ಟಿದರೆ ಏನೂ ಆಗುತ್ತಿರಲಿಲ್ಲ. ಅವರು ಇನ್ನೂ ಗಟ್ಟಿಯಾಗಿ ಒತ್ತುತ್ತಿದ್ದರು. ಆಗ ಬೇಡದ್ದೇನೋ ತೆರೆದುಕೊಳ್ಳುತ್ತಿತ್ತು. "ನನ್ನ ಕೈ ಸರಿಯಿಲ್ಲಪ್ಪ, ಇದು ನಮ್ಮಂಥವರಿಗಲ್ಲ" ಅಂತ ಫೋನ್ ಕೆಳಗಿಟ್ಟರು. ಜೀವಮಾನವೆಲ್ಲ ದುಡಿದ ಕೈ ಅದು. ಬೆರಳ ತುದಿ ಒಣಗಿ, ದಪ್ಪಗಟ್ಟಿ, ಬಿರುಕು ಬಿಟ್ಟಿತ್ತು. ಟಚ್ ಪರದೆ ಕೆಲಸ ಮಾಡುವುದು ಒತ್ತಡದಿಂದಲ್ಲ. ನಮ್ಮ ಚರ್ಮದಲ್ಲಿರುವ ತೇವ, ವಿದ್ಯುತ್ ಹರಿಯಬಿಡುವ ಗುಣ, ಇವನ್ನು ಅದು ಗುರುತಿಸುತ್ತದೆ. ಚರ್ಮ ಒಣಗಿ ದಪ್ಪವಾಗಿದ್ದರೆ ಅದಕ್ಕೆ ಬೆರಳೇ ಕಾಣುವುದಿಲ್ಲ.

ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿಕೊಂಡು, ತುದಿಯ ಬದಲು ಬೆರಳಿನ ಮೆತ್ತನೆ ಭಾಗದಿಂದ ಮುಟ್ಟಲು ಹೇಳಿದೆ. ಆಮೇಲೆ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ, ಬೆರಳು ಎಷ್ಟು ಹೊತ್ತು ಇಟ್ಟರೆ ಅದನ್ನು ಒತ್ತಿಹಿಡಿದದ್ದು ಅಂತ ತಿಳಿಯಬೇಕು ಅನ್ನುವ ಆಯ್ಕೆಯನ್ನು ದೀರ್ಘಕ್ಕೆ ಇಡಿಸಿದೆ. ನಿಧಾನವಾಗಿ ಮುಟ್ಟುವವರಿಗೆ ಬೇಡದ ಕಿಟಕಿಗಳು ತೆರೆಯುವುದು ಇದರಿಂದ ನಿಲ್ಲುತ್ತದೆ. ಹತ್ತು ನಿಮಿಷದಲ್ಲಿ ಅಜ್ಜಿ ಮೊಮ್ಮಗನ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಾ ಕೂತಿದ್ದರು. ಯಾರನ್ನಾದರೂ "ಇವರಿಗೆ ಬರಲ್ಲ" ಅನ್ನುವ ಮುಂಚೆ ಅವರ ಬೆರಳು ನೋಡಿ, ಕನ್ನಡಕ ನೋಡಿ, ಪರದೆಯ ಬೆಳಕು ನೋಡಿ. ಅಕ್ಷರ ದೊಡ್ಡದು ಮಾಡಿ.

ಮೊದಲ ದಿನ ಮೂರೇ ಸಂಗತಿ ಸಾಕು. ಮುಟ್ಟುವುದು, ಸರಿಸುವುದು, ಎಲ್ಲಿ ಸಿಕ್ಕಿಹಾಕಿಕೊಂಡರೂ ಹೋಮ್‌ಗೆ ವಾಪಸ್ ಬರುವುದು. ಮೂರನೆಯದನ್ನು ಹತ್ತು ಸಲ ಮಾಡಿಸಿ. "ಬೇಕಂತಲೇ ದಾರಿ ತಪ್ಪಿ, ಆಮೇಲೆ ಮನೆಗೆ ಬನ್ನಿ" ಅಂತ ಆಟದ ಹಾಗೆ ಆಡಿಸಿ. ಒತ್ತಿದರೆ ಹಾಳಾಗುತ್ತೆ ಅನ್ನುವ ಭಯ ಇದರಿಂದಲೇ ಹೋಗುತ್ತದೆ. ವಾಪಸ್ ಬರುವ ದಾರಿ ಗೊತ್ತಿದ್ದವರು ಧೈರ್ಯವಾಗಿ ಮುಂದೆ ಹೋಗುತ್ತಾರೆ.

ಭಾಷೆಯ ಬಗ್ಗೆ ಒಂದು ಮಾತು. ಫೋನಿನ ಭಾಷೆಯನ್ನು ಅವರ ಭಾಷೆಗೆ ಬದಲಿಸುವುದು ಒಳ್ಳೆಯದು. ಬದಲಿಸುವ ಮುಂಚೆ ಅವರನ್ನು ಕೇಳಿ. "ಡಿಲೀಟ್", "ಶೇರ್" ಅನ್ನುವ ಮಾತು ಬಾಯಲ್ಲಿ ಕೂತಿರುವವರಿಗೆ ಪರದೆಯ ಮೇಲೆ "ಅಳಿಸಿ", "ಹಂಚಿಕೊಳ್ಳಿ" ಅಂತ ಕಂಡರೆ ಒಂದು ಕ್ಷಣ ಗಾಬರಿಯಾಗುತ್ತದೆ. ಎರಡನ್ನೂ ತೋರಿಸಿ, ಯಾವುದು ಹಿತವೋ ಅದನ್ನು ಇಡಿಸಿ. ಟೈಪಿಂಗ್‌ಗೆ ಮೈಕ್ ಗುರುತನ್ನು ತೋರಿಸಲೇಬೇಕು. ತಾವು ಆಡಿದ ಮಾತು ಅಕ್ಷರವಾಗಿ ಮೂಡಿದ್ದನ್ನು ಮೊದಲ ಸಲ ಕಂಡವರ ಮುಖ ನೋಡುವುದೇ ಚೆಂದ.

6. ಖಾತೆ ಯಾರದು, ಪಾಸ್‌ವರ್ಡ್ ಯಾರದು?

ಇದನ್ನು ಯಾರೂ ಪಾಠ ಅಂತ ಎಣಿಸುವುದಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಸಮಯ ಇದಕ್ಕೇ ಕೊಡಬೇಕು. ಫೋನ್ ಕೊಂಡ ದಿನ ಯಾರೋ ಒಬ್ಬರು ಖಾತೆ ತೆರೆದುಕೊಟ್ಟಿರುತ್ತಾರೆ. ಪಾಸ್‌ವರ್ಡ್ ಅವರಿಗೇ ಗೊತ್ತು, ಇಲ್ಲವೇ ಅವರಿಗೂ ಮರೆತಿದೆ. ಖಾತೆ ವಾಪಸ್ ಪಡೆಯಲು ಕೊಟ್ಟಿರುವ ನಂಬರ್ ಕೂಡ ಅವರದ್ದೇ. ಫೋನ್ ಕಳೆದುಹೋದ ದಿನ ಫೋಟೋ, ನಂಬರ್, ದಾಖಲೆ ಎಲ್ಲವೂ ಹೋಗುತ್ತವೆ. ಕೈಗೆ ಬಂದ ಸೌಕರ್ಯ ಹೀಗೆ ಒಂದೇ ದಿನದಲ್ಲಿ ಕಳೆದುಕೊಂಡವರನ್ನು ಕಂಡು ನನಗೆ ತುಂಬಾ ಸಂಕಟವಾಗಿದೆ.

ಎರಡನೇ ವಾರದಲ್ಲೇ ಪ್ರತಿಯೊಬ್ಬರ ಫೋನಿನಲ್ಲಿ ಇದನ್ನು ನೋಡಿಸಿ. ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಖಾತೆ ತೆರೆಯಲಿ. ಅಲ್ಲಿ ಕಾಣುವ ಹೆಸರು ಅವರದ್ದೇನಾ? ರಿಕವರಿ ನಂಬರ್ ಯಾರದ್ದು? ಬೇರೆಯವರದ್ದಾದರೆ ತಮ್ಮದಕ್ಕೆ ಬದಲಿಸಿಕೊಳ್ಳಲಿ. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ, ಫೋನ್ ಕೈಯಲ್ಲಿರುವಾಗಲೇ ಹೊಸದು ಮಾಡಿಕೊಳ್ಳಲಿ. ಕಳೆದ ಮೇಲೆ ಇದು ತುಂಬಾ ಕಷ್ಟ.

ಪಾಸ್‌ವರ್ಡ್ ಉದ್ದವಾಗಿರಲಿ. ಒಂದಕ್ಕೊಂದು ಸಂಬಂಧ ಇಲ್ಲದ ಮೂರು ನಾಲ್ಕು ಪದ ಜೋಡಿಸಿದರೆ ನೆನಪಿಡಲು ಸುಲಭ, ಊಹಿಸಲು ಕಷ್ಟ. ತಂತ್ರಜ್ಞಾನದ ಮಾನದಂಡ ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ ಕೂಡ 2017ರ ಮಾರ್ಗಸೂಚಿಯಲ್ಲಿ, ಪಾಸ್‌ವರ್ಡನ್ನು ಆಗಾಗ ಬದಲಿಸಿ ಅಂತ ಬಲವಂತ ಮಾಡಬೇಡಿ, ಇಂಥದ್ದೇ ಚಿಹ್ನೆ ಬೆರೆಸಿ ಅಂತ ಒತ್ತಾಯಿಸಬೇಡಿ ಅಂತ ಹೇಳಿತು. ಬರೆದಿಡುವುದು ತಪ್ಪಲ್ಲ. ಮನೆಯಲ್ಲಿ ಬೀರುವಿನ ಒಳಗಿರುವ ಚೀಟಿಯನ್ನು ದೂರದ ಕಳ್ಳ ಓದಲಾರ. ಅದನ್ನು ಫೋನ್ ಕವರಿನ ಹಿಂದೆ ಸಿಕ್ಕಿಸುವುದು ಮಾತ್ರ ಬೇಡ. ಪಾಸ್‌ವರ್ಡ್ ಒತ್ತುವಾಗ ನೀವು ಮುಖ ಆಚೆ ತಿರುಗಿಸಿಕೊಳ್ಳಿ, ಅವರು ಕಾಣುವ ಹಾಗೆ. ಇದು ಗುಟ್ಟು, ಕಲಿಸುವವರಿಗೂ ಹೇಳಬಾರದು ಅನ್ನುವುದನ್ನು ಮಾತಿಗಿಂತ ಚೆನ್ನಾಗಿ ಇದು ಕಲಿಸುತ್ತದೆ.

7. ಮೋಸವನ್ನು ಅಭ್ಯಾಸ ಮಾಡಿಸಿ

"ಓಟಿಪಿ ಯಾರಿಗೂ ಹೇಳಬೇಡಿ" ಅಂತ ಎಲ್ಲರೂ ಹೇಳುತ್ತಾರೆ, ಎಲ್ಲರೂ ಕೇಳಿದ್ದಾರೆ. ಆದರೂ ಮೋಸ ಹೋಗುತ್ತಾರೆ. ಆ ಕರೆ ಬಂದಾಗ ಎದೆ ಹೊಡೆದುಕೊಳ್ಳುತ್ತಿರುತ್ತದೆ, ಬುದ್ಧಿ ಓಡುವುದಿಲ್ಲ. ಹಾಗಾಗಿ ತರಗತಿಯಲ್ಲಿ ನಾಟಕ ಆಡಿಸಿ. ಒಬ್ಬರು ಬ್ಯಾಂಕಿನವರ ಹಾಗೆ ಮಾತಾಡಲಿ: "ನಿಮ್ಮ ಖಾತೆ ಇನ್ನು ಹತ್ತು ನಿಮಿಷದಲ್ಲಿ ಬಂದ್ ಆಗುತ್ತೆ." ಇನ್ನೊಬ್ಬರು ಒಂದೇ ಮಾತು ಹೇಳಿ ಕರೆ ಕತ್ತರಿಸಲಿ: "ನಾನೇ ಬ್ಯಾಂಕಿಗೆ ಬಂದು ವಿಚಾರಿಸ್ತೀನಿ." ಎಲ್ಲರೂ ಇದನ್ನು ಬಾಯಿಬಿಟ್ಟು ಹೇಳಬೇಕು. ಮರ್ಯಾದಸ್ಥರಿಗೆ ಎದುರಿನವರು ಮಾತಾಡುತ್ತಿರುವಾಗಲೇ ಫೋನ್ ಇಡುವುದು ಕಷ್ಟ. ಹಾಗೆ ಇಡಬಹುದು, ಅದು ಒರಟುತನ ಅಲ್ಲ ಅಂತ ಅವರಿಗೆ ಒಮ್ಮೆ ಅನುಭವಕ್ಕೆ ಬರಬೇಕು.

ನೆನಪಿಡಲು ನಾಲ್ಕು ಗುರುತು ಕೊಡಿ. ಅವಸರ ಮಾಡುವವರು, ಹೆದರಿಸುವವರು, "ಯಾರಿಗೂ ಹೇಳಬೇಡಿ" ಅನ್ನುವವರು, ಇನ್ನೊಂದು ಆ್ಯಪ್ ಹಾಕಿಕೊಳ್ಳಿ ಅನ್ನುವವರು. ಕೊನೆಯದು ಮುಖ್ಯ. ಪರದೆ ಹಂಚುವ ಆ್ಯಪ್ ಹಾಕಿಸಿದರೆ ನೀವು ಒತ್ತುವುದೆಲ್ಲ ಅವರಿಗೆ ಕಾಣುತ್ತದೆ, ಓಟಿಪಿ ಹೇಳುವುದೇ ಬೇಕಿಲ್ಲ. ಮೆಸೇಜಿನಲ್ಲಿ ಬಂದ ಎಪಿಕೆ ಫೈಲ್, ಮದುವೆ ಕಾಗದ ಅಂತ ಹೆಸರಿದ್ದರೂ, ಅದು ಕಾಗದ ಅಲ್ಲ, ಆ್ಯಪ್. ಪಿನ್ ಒತ್ತುವುದು ದುಡ್ಡು ಕಳಿಸಲು, ಪಡೆಯಲು ಅಲ್ಲ. ದುಡ್ಡು ಬರುತ್ತೆ ಪಿನ್ ಒತ್ತಿ ಅಂದರೆ ಅಲ್ಲೇ ನಿಲ್ಲಿಸಬೇಕು.

ವಾಟ್ಸ್ಆ್ಯಪ್‌ನಲ್ಲಿ ಎರಡು ಕಡೆ ನೋಡಿಸಿ. ಎರಡು ಹಂತದ ಪರಿಶೀಲನೆಗೆ ಆರಂಕಿಯ ಪಿನ್ ಇಡುವುದು, ಮತ್ತೆ ಲಿಂಕ್ಡ್ ಡಿವೈಸಸ್‌ನಲ್ಲಿ ತಮಗೆ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಅದನ್ನು ಹೊರಗೆ ಹಾಕುವುದು. ಮೋಸ ಆಗಿಹೋಗಿದ್ದರೆ ಮೊದಲು ಬ್ಯಾಂಕಿಗೆ ಫೋನ್, ಆಮೇಲೆ ಪೊಲೀಸರಿಗೆ. ಒಂದೊಂದು ನಿಮಿಷವೂ ಮುಖ್ಯ. ಆ ನಂಬರುಗಳನ್ನು ಕಾಗದದ ಮೇಲೆ ಬರೆದು ಮನೆಯ ಗೋಡೆಗೆ ಅಂಟಿಸಿಸಿ. ಮೋಸ ಹೋದವರನ್ನು ಯಾರೂ ಬೈಯಬಾರದು. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ.

8. ಓದಲು ಬಾರದವರು, ಕಣ್ಣು ಕಾಣದವರು

ಅಕ್ಷರ ಬಾರದಿದ್ದರೂ ಫೋನ್ ಬಳಸಬಹುದು. ಧ್ವನಿ ಸಂದೇಶ ಕಳಿಸುವುದು, ಮೈಕ್ ಒತ್ತಿ ಹುಡುಕುವುದು, ಗೂಗಲ್ ಲೆನ್ಸ್ ಹಿಡಿದು ಬರಹ ಓದಿಸಿಕೊಳ್ಳುವುದು. ಸಂಪರ್ಕ ಪಟ್ಟಿಯಲ್ಲಿ ಹೆಸರಿನ ಜೊತೆ ಫೋಟೋ ಹಾಕಿಸಿ, ಮುಖ ನೋಡಿ ಕರೆ ಮಾಡುತ್ತಾರೆ. ಅಂಕಿ ಗುರುತಿಸುವುದನ್ನು ಮಾತ್ರ ಬಿಡದೆ ಕಲಿಸಿ. ದುಡ್ಡಿನ ವಿಷಯದಲ್ಲಿ ಸೊನ್ನೆ ಎಣಿಸಲು ಬರಲೇಬೇಕು.

ಕಣ್ಣು ಕಾಣದವರಿಗೆ ಪರದೆಯಲ್ಲಿರುವುದನ್ನು ಓದಿ ಹೇಳುವ ಸೌಲಭ್ಯ ಇದೆ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಮೊದಲೇ ಇರುತ್ತದೆ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಇದೆ. ದೃಷ್ಟಿ ಇಲ್ಲದ ಆಸ್ಟ್ರೇಲಿಯದ ಮೈಕೆಲ್ ಕರನ್ 2006ರಲ್ಲಿ ಅದನ್ನು ಶುರು ಮಾಡಿದರು. ಇವತ್ತಿಗೂ ಅದು ಉಚಿತ. ಟಾಕ್‌ಬ್ಯಾಕ್ ಹಾಕಿದಾಗ ಫೋನಿನ ನಡವಳಿಕೆಯೇ ಬದಲಾಗುತ್ತದೆ. ಒಮ್ಮೆ ಮುಟ್ಟಿದರೆ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಎರಡು ಬೆರಳಿನಿಂದ ಸರಿಸಬೇಕು. ಕಲಿಸುವ ಮುಂಚೆ ನೀವೇ ಒಂದು ವಾರ ಕಣ್ಣು ಮುಚ್ಚಿ ಅಭ್ಯಾಸ ಮಾಡಿ. ಸಾಧ್ಯವಿದ್ದರೆ ಇದನ್ನು ದಿನವೂ ಬಳಸುವ ಒಬ್ಬರನ್ನೇ ಕಲಿಸಲು ಕರೆಯಿರಿ, ಅದೇ ಒಳ್ಳೆಯದು.

9. ಹಂಚಿಕೊಂಡ ಫೋನ್

ಅದೇ 2025ರ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಜಗತ್ತಿನಲ್ಲಿ ಗಂಡಸರಲ್ಲಿ 100ಕ್ಕೆ 77 ಜನ ಇಂಟರ್ನೆಟ್ ಬಳಸಿದರೆ ಹೆಂಗಸರಲ್ಲಿ 71. ಮನೆಗೊಂದೇ ಫೋನ್ ಇರುವ ಕಡೆ ಆ ಫೋನ್ ಯಾರ ಜೇಬಿನಲ್ಲಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲಿ "ಫೋನ್ ಮನೆಯವರದ್ದು" ಅಂತ ಬರೆದ ಪುಟಗಳನ್ನು ಬೇರೆ ಇಡಿ. ಅವರಿಗೆ ಕೇಂದ್ರದ ಫೋನ್ ಕೊಟ್ಟು ಕಲಿಸಿ. ಕೆಲಸ ಮುಗಿದ ಮೇಲೆ ಖಾತೆಯಿಂದ ಹೊರಗೆ ಬರುವುದನ್ನು ಪ್ರತಿ ಸಲ ಅವರೇ ಮಾಡಲಿ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿ ತೋರಿಸಿ, ಅದನ್ನು ಮುಚ್ಚಿದರೆ ಆ ಫೋನಿನಲ್ಲಿ ಇತಿಹಾಸ ಉಳಿಯುವುದಿಲ್ಲ. ಮನೆಯವರ ಅನುಮಾನಕ್ಕೆ ವಾದ ಮಾಡಬೇಡಿ. ಒಮ್ಮೆ ಅತ್ತೆಯನ್ನೋ ಗಂಡನನ್ನೋ ತರಗತಿಗೆ ಕರೆಯಿರಿ. ಮಗುವಿನ ಲಸಿಕೆಯ ದಿನಾಂಕವನ್ನು ಆಕೆ ತಾನೇ ಹುಡುಕಿ ತೋರಿಸಿದ ಮೇಲೆ ಬೇರೆ ಮಾತು ಬೇಕಾಗುವುದಿಲ್ಲ.

10. ಕಲಿತವರು ಕಲಿಸಲಿ

ಮೂರು ತಿಂಗಳ ಹೊತ್ತಿಗೆ ನಿಮ್ಮ ಗುಂಪಿನಲ್ಲಿ ಒಬ್ಬಿಬ್ಬರು ಎದ್ದು ಕಾಣುತ್ತಾರೆ. ತುಂಬಾ ಚುರುಕಾದವರನ್ನೇ ಆರಿಸಬೇಡಿ. ಅವರು ಫೋನ್ ಕಿತ್ತುಕೊಂಡು ತಾವೇ ಮಾಡಿಬಿಡುತ್ತಾರೆ. ಕಷ್ಟಪಟ್ಟು ಕಲಿತವರನ್ನು ಆರಿಸಿ. ಎಲ್ಲಿ ಎಡವುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ. ಕಲಿಸುವವರಿಗೆ ನಾನು ಹೇಳುವುದು ಮೂರೇ ಮಾತು. ಕೈ ಹಿಂದೆ ಕಟ್ಟಿಕೊಳ್ಳಿ. "ಇಷ್ಟೂ ಗೊತ್ತಿಲ್ವಾ" ಅನ್ನಬೇಡಿ, "ಸುಲಭ" ಅಂತ ಕೂಡ ಅನ್ನಬೇಡಿ, ಅದು ಬಾರದವರಿಗೆ ಚುಚ್ಚುತ್ತದೆ. ಅವರು ಹುಡುಕುತ್ತಿರುವಾಗ ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ, ಆಮೇಲೆ ಸುಳಿವು ಕೊಡಿ.

ಕಲಿತರೋ ಇಲ್ಲವೋ ನೋಡಲು ಪರೀಕ್ಷೆ, ಸರ್ಟಿಫಿಕೇಟ್ ಬೇಡ. ಮೊದಲ ವಾರದ ನೋಟ್‌ಬುಕ್ ತೆರೆಯಿರಿ. ಅವರ ಪುಟದಲ್ಲಿ ಬರೆದ ಕೆಲಸಗಳನ್ನು ಒಂದೊಂದಾಗಿ ನಿಮ್ಮ ಮುಂದೆ ಮಾಡಿ ತೋರಿಸಲಿ. ಯಾರನ್ನೂ ಕೇಳದೆ ಮಾಡಿದ್ದಕ್ಕೆ ಗೆರೆ ಎಳೆಯಿರಿ, ಆ ಗೆರೆಯನ್ನು ಅವರ ಕೈಯಿಂದಲೇ ಎಳೆಸಿ. ಎಷ್ಟು ಜನ ಬಂದರು ಅನ್ನುವ ಲೆಕ್ಕಕ್ಕಿಂತ ಎಷ್ಟು ಗೆರೆ ಬಿದ್ದವು ಅನ್ನುವ ಲೆಕ್ಕ ಇಡಿ.

ಗೆರೆ ಎಳೆದ ಮೇಲೂ ಬಾಗಿಲು ಮುಚ್ಚಬೇಡಿ. ಆ್ಯಪ್ ಅಪ್‌ಡೇಟ್ ಆದಾಗ ಎಡಗಡೆ ಇದ್ದ ಗುರುತು ಬಲಗಡೆಗೆ ಹೋಗಿರುತ್ತದೆ. ನಿನ್ನೆವರೆಗೂ ಧೈರ್ಯವಾಗಿ ಮಾಡುತ್ತಿದ್ದವರು ಇವತ್ತು ಮತ್ತೆ ಕಂಗಾಲಾಗುತ್ತಾರೆ. ಅದಕ್ಕೆ ವಾರಕ್ಕೊಂದು ದಿನ, ಒಂದು ಗಂಟೆ, ಯಾರು ಬೇಕಾದರೂ ಬಂದು ಕೇಳಬಹುದು ಅಂತ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿ. ಓದಲು ಬಾರದವರಿಗಾಗಿ ಅದರ ಪಕ್ಕ ಒಂದು ಫೋನಿನ ಚಿತ್ರ ಬರೆದು, ಆ ಗಂಟೆಯನ್ನು ತೋರಿಸುವ ಗಡಿಯಾರವನ್ನೂ ಬರೆಯಿರಿ.